ಹಳೆ ಎಲೆ ಬಿಡಿ, ಸುಳಿ ನೋಡಿ: ಸೊರಗಿದ ಅಕ್ವೇರಿಯಂ ಗಿಡ ಉಳಿಸುವ ಬಗೆ

ಅಂಗಡಿಯಿಂದ ತಂದ ಅಮೆಜಾನ್ ಸ್ವಾರ್ಡ್ ಗಿಡದ ಎಲೆ ಹದಿನೈದು ದಿನ ಕಳೆಯುವಷ್ಟರಲ್ಲಿ ಹಳದಿಯಾಗಿ ಕರಗತೊಡಗಿದರೆ ಬಹಳಷ್ಟು ಮಂದಿ ಗಿಡ ಸತ್ತಿತೆಂದು ಕಿತ್ತೆಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಸ್ವಾರ್ಡ್, ಕ್ರಿಪ್ಟೊಕೊರೈನ್‌ನಂಥ ಗಿಡಗಳನ್ನು ನರ್ಸರಿಗಳಲ್ಲಿ ಸಾಮಾನ್ಯವಾಗಿ ಬೇರು ನೀರಿನಲ್ಲೂ ಎಲೆ ಗಾಳಿಯಲ್ಲೂ ಇರುವಂತೆ ಬೆಳೆಸುತ್ತಾರೆ. ಗಾಳಿಯಲ್ಲಿ ಹುಟ್ಟಿದ ದಪ್ಪ ಎಲೆ ನೀರಿನೊಳಗೆ ಹೆಚ್ಚು ದಿನ ಬಾಳುವುದಿಲ್ಲ. ಗಿಡ ಅದನ್ನು ಕೈಬಿಟ್ಟು, ನೀರಿಗೆ ಒಗ್ಗುವ ತೆಳ್ಳನೆಯ, ಉದ್ದನೆಯ ಎಲೆ ಬಿಡುತ್ತದೆ. ಆದ್ದರಿಂದ ನೋಡಬೇಕಾದದ್ದು ಸುಳಿಯನ್ನು. ಬೆರಳಿನಲ್ಲಿ ಮೆಲ್ಲಗೆ ಒತ್ತಿದಾಗ ಸುಳಿ ಗಟ್ಟಿಯಾಗಿದ್ದು, ನಡುವೆ ತಿಳಿಹಸಿರು ಮೊನೆ ಕಂಡರೆ ಗಿಡಕ್ಕೆ ಜೀವವಿದೆ. ಸುಳಿ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ಆಸೆ ಬಿಡಬೇಕು.

ಕ್ರಿಪ್ಟೊಕೊರೈನ್ ಇನ್ನೂ ಸೂಕ್ಷ್ಮ. ಜಾಗ ಬದಲಾದರೆ ಸಾಕು, ಒಂದೇ ವಾರದಲ್ಲಿ ಎಲೆಯೆಲ್ಲ ಕರಗಿ ಬೋಳಾಗಬಹುದು. ಬೇರು ಕೀಳದೆ ಬಿಟ್ಟರೆ ಮೂರು-ನಾಲ್ಕು ವಾರಕ್ಕೆ ಮತ್ತೆ ಚಿಗುರುತ್ತದೆ.

ಮೊದಲು ನೆಟ್ಟ ಆಳ ನೋಡಿ

ಗೊಬ್ಬರಕ್ಕೆ ಕೈ ಹಾಕುವ ಮುನ್ನ ಇದನ್ನು ಸರಿಮಾಡಿ. ಎಷ್ಟೋ ಗಿಡಗಳು ಸೊರಗುವುದು ಇಲ್ಲೇ. ಸ್ವಾರ್ಡ್ ಗಿಡದಲ್ಲಿ ಬೇರು ಮತ್ತು ಎಲೆ ಕೂಡುವ ಬಿಳಿ ಭಾಗ ಜಲ್ಲಿಯ ಮೇಲೆ ಕಾಣುತ್ತಿರಬೇಕು. ಹೂತುಹೋದರೆ ಸುಳಿ ಕೊಳೆಯುತ್ತದೆ. ಕಪ್ಪಾದ, ಮೆತ್ತಗಿನ ಬೇರನ್ನು ಕತ್ತರಿಸಿ, ಗಟ್ಟಿ ಬೇರನ್ನು ನಾಲ್ಕೈದು ಸೆಂ.ಮೀ. ಉಳಿಸಿಕೊಳ್ಳಿ. ಸ್ವಲ್ಪ ಆಳವಾಗಿ ನೆಟ್ಟು, ಆಮೇಲೆ ಸುಳಿ ಹೊರಬರುವಷ್ಟು ಮೇಲಕ್ಕೆಳೆದರೆ ಬೇರು ಕೆಳಮುಖವಾಗಿ ಕೂರುತ್ತದೆ. ಜಲ್ಲಿ 2–3 ಮಿ.ಮೀ. ಗಾತ್ರದ್ದಾಗಿದ್ದು ಆರೇಳು ಸೆಂ.ಮೀ. ದಪ್ಪ ಇರಲಿ.

ಜಾವಾ ಫರ್ನ್, ಅನುಬಿಯಾಸ್‌ಗಳ ಲೆಕ್ಕ ಬೇರೆ. ಅವುಗಳ ಅಡ್ಡ ದಂಟನ್ನು ಜಲ್ಲಿಯಲ್ಲಿ ಹೂಳಲೇಬಾರದು. ಕಲ್ಲಿಗೋ ಮರದ ತುಂಡಿಗೋ ಹತ್ತಿ ದಾರದಲ್ಲಿ ಕಟ್ಟಿ. ಜಾವಾ ಫರ್ನ್ ಎಲೆಯ ಹಿಂಬದಿ ಸಾಲುಸಾಲಾಗಿ ಕಂದು ಚುಕ್ಕಿ ಎದ್ದರೆ ರೋಗವೆಂದು ಕತ್ತರಿಸಬೇಡಿ, ಅವು ಬೀಜಕದ ಗಂಟುಗಳು.

ನೀರು

ಮೈಸೂರಿನಲ್ಲಿ ನಲ್ಲಿಗೆ ಬರುವ ಕಾವೇರಿ, ಕಬಿನಿ ನೀರು ಗಿಡಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕ್ಲೋರಿನ್ ಹೋಗಲು ಬಾಯಗಲದ ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಆಂಟಿ ಕ್ಲೋರಿನ್ ಹಾಕಿ. ಹೊಸ ಬಡಾವಣೆಗಳ ಹಾಗೂ ಮಂಡ್ಯ ಕಡೆಯ ಬೋರ್‌ವೆಲ್ ನೀರು ಹಲವೆಡೆ ಗಡುಸು. ಗಡುಸು ನೀರಿನಲ್ಲಿ ಕಬ್ಬಿಣದಂಶ ಗಿಡಕ್ಕೆ ಎಟುಕುವುದಿಲ್ಲ, ಹೊಸ ಎಲೆ ಬಿಳಿಚಿಕೊಂಡೇ ಬರುತ್ತದೆ. ಅಂಥ ಕಡೆ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ. ತಳದ ಜಲ್ಲಿಯನ್ನೂ ಪರೀಕ್ಷಿಸಿ: ಒಂದು ಹಿಡಿ ಒಣಗಿಸಿ ನಿಂಬೆರಸ ಹಿಂಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರನ್ನು ದಿನದಿನಕ್ಕೂ ಗಡುಸು ಮಾಡುತ್ತದೆ. ಬಿಳಿ ಮಾರ್ಬಲ್ ಚೂರು ಹಾಕಿದ ಟ್ಯಾಂಕ್‌ಗಳಲ್ಲಿ ಆಗುವುದು ಇದೇ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದರೆ ಸಾಕು.

ಎಲೆ ಏನು ಹೇಳುತ್ತದೆ

ಕೊರತೆ ಹಳೆ ಎಲೆಯಲ್ಲಿ ಕಂಡಿತೋ ಹೊಸ ಎಲೆಯಲ್ಲೋ ಎಂಬುದರ ಮೇಲೆ ಎಲ್ಲ ನಿಂತಿದೆ. ಸಾರಜನಕ, ಪೊಟ್ಯಾಶ್, ಮೆಗ್ನೀಷಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆ ಎಲೆಯಿಂದ ಹೀರಿ ಸುಳಿಗೆ ಕಳಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಾಗೆ ಸಾಗಿಸಲಾಗದು, ಪೆಟ್ಟು ಬೀಳುವುದು ಚಿಗುರಿಗೆ.

ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಅದರ ಸುತ್ತ ಹಳದಿ ಅಥವಾ ಕಂದು ಅಂಚು ಇದ್ದರೆ ಪೊಟ್ಯಾಶ್. ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಬಿಳಿಚಿದರೆ, ಹಳೆ ಎಲೆಯಲ್ಲಾದರೆ ಮೆಗ್ನೀಷಿಯಂ, ಹೊಸ ಎಲೆಯಲ್ಲಾದರೆ ಕಬ್ಬಿಣ. ಚಿಗುರು ಮುರುಟಿ ಕೊಕ್ಕೆಯಾದರೆ ಕ್ಯಾಲ್ಸಿಯಂ. ಬರೀ ಆರ್‌ಒ ನೀರು ಬಳಸುವವರ ಟ್ಯಾಂಕ್‌ನಲ್ಲಿ ಇದು ಹೆಚ್ಚು.

ಪ್ರಮಾಣಕ್ಕೆ ಬರೋಣ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್‌ನಲ್ಲಿ ಜಲ್ಲಿ ಕಳೆದರೆ ಸುಮಾರು 45 ಲೀಟರ್ ನೀರಿರುತ್ತದೆ. ಹನಿ ನೀರಾವರಿಗೆ ಗೊಬ್ಬರದ ಅಂಗಡಿಗಳಲ್ಲಿ ಸಿಗುವ 13:0:45, ಅಂದರೆ ಪೊಟ್ಯಾಷಿಯಂ ನೈಟ್ರೇಟ್, ಅಕ್ವೇರಿಯಂ ಗಿಡಕ್ಕೂ ಆಗುತ್ತದೆ. 10 ಗ್ರಾಂ ತೂಗಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಡಿ. ಅದರಲ್ಲಿ 10 ಮಿ.ಲೀ. ಸಿರಿಂಜ್‌ನಲ್ಲಿ ಎಳೆದು ವಾರಕ್ಕೆ ಎರಡು ಸಲ ಹಾಕಿ. ಒಂದು ಸಲಕ್ಕೆ ಲೀಟರಿಗೆ ಸುಮಾರು 2.7 ಮಿ.ಗ್ರಾಂ ನೈಟ್ರೇಟ್, 1.7 ಮಿ.ಗ್ರಾಂ ಪೊಟ್ಯಾಷಿಯಂ ಸೇರುತ್ತದೆ. ಮೀನು ಹೆಚ್ಚಿದ್ದರೆ ಅವುಗಳ ಹಿಕ್ಕೆಯಿಂದಲೇ ನೈಟ್ರೇಟ್ ಸಿಗುತ್ತದೆ. ಆಗ ಇದರ ಬದಲು 0:0:50, ಅಂದರೆ ಪೊಟ್ಯಾಷಿಯಂ ಸಲ್ಫೇಟ್ ಅನ್ನು ಇದೇ ಅಳತೆಯಲ್ಲಿ ಹಾಕಿ. ಮೆಗ್ನೀಷಿಯಂಗೆ ನೀರು ಬದಲಿಸಿದ ದಿನ ಅರ್ಧ ಗ್ರಾಂ ಎಪ್ಸಮ್ ಉಪ್ಪು. ಕಬ್ಬಿಣ ನೀರಿನಲ್ಲಿ ಬೇಗ ನಿಷ್ಪ್ರಯೋಜಕವಾಗುವುದರಿಂದ ಅಕ್ವೇರಿಯಂಗೆಂದೇ ಮಾರುವ ದ್ರಾವಣವನ್ನು ಒಂದೇ ಸಲ ಸುರಿಯದೆ ಎರಡು-ಮೂರು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪ ಹಾಕುವುದು ಮೇಲು.

19:19:19 ಮಿಶ್ರ ಗೊಬ್ಬರ ಅಥವಾ ಯೂರಿಯಾವನ್ನು ಮಾತ್ರ ಟ್ಯಾಂಕ್ ಹತ್ತಿರಕ್ಕೂ ತರಬೇಡಿ. ಅವುಗಳಿಂದ ನೀರಿನಲ್ಲಿ ಅಮೋನಿಯ ಏರಿ ಮೀನು ಸಾಯುತ್ತವೆ. ಸೀಗಡಿ ಸಾಕಿದವರು ತಾಮ್ರ ಸೇರಿದ ಲಘು ಪೋಷಕಾಂಶದ ಮಿಶ್ರಣವನ್ನೂ ದೂರವಿಡಬೇಕು.

ಸ್ವಾರ್ಡ್, ಕ್ರಿಪ್ಟೊಕೊರೈನ್‌ಗಳು ಬೇರಿನಿಂದ ಉಣ್ಣುವ ಗಿಡಗಳು. ಅವಕ್ಕೆ ಬೇರಿನ ಮಾತ್ರೆ (ಜಲ್ಲಿಯೊಳಗೆ ಹೂಳುವ ಗೊಬ್ಬರದ ಗುಳಿಗೆ) ಎರಡು ಅಥವಾ ಮೂರನ್ನು ಬುಡದಿಂದ ಐದು ಸೆಂ.ಮೀ. ದೂರದಲ್ಲಿ ತಳಕ್ಕೆ ತಾಗುವಂತೆ ಇಕ್ಕಳದಿಂದ ಒತ್ತಿ, ಎರಡು-ಮೂರು ತಿಂಗಳಿಗೊಮ್ಮೆ ಹೊಸದು ಕೊಡಿ. ಮಾತ್ರೆ ಮೇಲೆ ಉಳಿದರೆ ಕರಗಿ ಪಾಚಿಗೆ ಆಹಾರವಾಗುತ್ತದೆ.

ಬೆಳಕು ಮತ್ತು ಬೇಸಿಗೆ

ಸೊರಗಿದ ಗಿಡಕ್ಕೆ ಹೆಚ್ಚು ಬೆಳಕು ಕೊಟ್ಟರೆ ಬೇಗ ಬೆಳೆದೀತು ಎಂಬುದು ತಪ್ಪು ಲೆಕ್ಕ. ಎಲೆ ಕಡಿಮೆಯಿರುವಾಗ ಆ ಬೆಳಕನ್ನು ಉಂಡು ಕೊಬ್ಬುವುದು ಪಾಚಿ. ದಿನಕ್ಕೆ ಆರು ಗಂಟೆಯಿಂದ ಶುರುಮಾಡಿ. ಮೂರು ಹೊಸ ಎಲೆ ಪೂರ್ತಿ ಬಿಚ್ಚಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ ಎಂಟಕ್ಕೆ ನಿಲ್ಲಿಸಿ. ಕರೆಂಟ್ ಹೋಗಿ ಬಂದಾಗಲೆಲ್ಲ ಮುಳ್ಳಿನ ಟೈಮರ್ ಹಿಂದೆ ಬೀಳುತ್ತದೆ, ವಾರಕ್ಕೊಮ್ಮೆ ಸಮಯ ಸರಿಪಡಿಸಿ. ಕಿಟಕಿಯ ನೇರ ಬಿಸಿಲು ಬೇಡ.

ಮಾರ್ಚ್‌ನಿಂದ ಮೇವರೆಗೆ ನೀರು 30 ಡಿಗ್ರಿ ದಾಟಿದರೆ ಕ್ರಿಪ್ಟೊಕೊರೈನ್, ಜಾವಾ ಮಾಸ್ ಬಾಡುತ್ತವೆ. ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಪುಟ್ಟ ಫ್ಯಾನ್ ಬೀಸಿಸಿದರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟೂ ಲವಣ ಒಳಗೇ ಉಳಿಯುವುದರಿಂದ ಆ ನಷ್ಟ ತುಂಬಲು ಆರ್‌ಒ ನೀರೇ ಬೇಕು.

ಕತ್ತರಿ ಮತ್ತು ತಾಳ್ಮೆ

ತೂತು ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ತೊಟ್ಟಿನ ಬುಡದಲ್ಲೇ ಕತ್ತರಿಸಿ, ಆದರೆ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಅರೆಹಸಿರು ಎಲೆಯೂ ಗಿಡಕ್ಕೆ ಅನ್ನ ಬೇಯಿಸುತ್ತಿರುತ್ತದೆ. ಗೊಬ್ಬರ, ಬೆಳಕು, ನೀರು ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ಎರಡು ವಾರ ಕಾದು, ಆಮೇಲೆ ಬಂದ ಎಲೆಯನ್ನಷ್ಟೇ ನೋಡಿ ತೀರ್ಮಾನಿಸಿ.

ಈ ಕಾಯುವ ಹೊತ್ತಿನಲ್ಲಿ ಪಾಚಿ ತಡೆಯಲು ಬೇಗ ಬೆಳೆಯುವ ಹೈಡ್ರಿಲಾವನ್ನು ಒಂದು ಹಿಡಿ ತೇಲಿಬಿಡುವುದು ಒಳ್ಳೆಯದು. ಮಂಡ್ಯದ ನಾಲೆಗಳಿಂದ ತರುವುದಾದರೆ ಗದ್ದೆಯ ಔಷಧಿ ಸೇರಿರಬಹುದು, ಜಿಗಣೆ, ಬಸವನಹುಳುವಿನ ಮೊಟ್ಟೆಯೂ ಬರಬಹುದು. ಒಂದು ವಾರ ಬೇರೆ ಬಕೆಟ್‌ನಲ್ಲಿಟ್ಟು ನೀರು ಬದಲಿಸಿ, ತೊಳೆದು ಹಾಕಿ. ಸ್ವಾರ್ಡ್ ಹೊಸ ಎಲೆ ಬಿಟ್ಟು ಎತ್ತರಕ್ಕೆ ಬಂದಂತೆ ಹೈಡ್ರಿಲಾವನ್ನು ವಾರವಾರವೂ ಅರ್ಧದಷ್ಟು ತೆಗೆಯುತ್ತ ಬನ್ನಿ, ಇಲ್ಲವಾದರೆ ಅದೇ ಮೇಲೆಲ್ಲ ಹಬ್ಬಿ ಕೆಳಗಿನ ಗಿಡಕ್ಕೆ ನೆರಳು ಮಾಡುತ್ತದೆ.