ತುಂಗನಾಥ ಮೊದಲು, ಕೇದಾರ ಆಮೇಲೆ

ಕೇದಾರನಾಥಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲದ್ದು ಲೆಕ್ಕಕ್ಕೆ ಮಾತ್ರ. ಮೇ ತಿಂಗಳ ರಜೆ, ಗೆಳತಿಯರ ಜೊತೆ ಒಂದು ಟೂರ್ ಪ್ಯಾಕೇಜ್. ಹರಿದ್ವಾರದಲ್ಲಿ ಬಸ್ ಹತ್ತಿದ ಮರುದಿನ ಸಂಜೆಗೇ ಗುಡಿ ಮುಂದೆ ಇದ್ದೆವು. ಆದರೆ ನನಗೆ ಗುಡಿ ನೆನಪಿಲ್ಲ. ತಲೆ ಸಿಡಿಯುತ್ತಿತ್ತು. ಕುಡಿದ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರಾತ್ರಿಯೆಲ್ಲ ಕೂತೇ ಕಳೆದೆ. ಬೆಳಿಗ್ಗೆ ಗೆಳತಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು, ಕೈ ಹಿಡಿದೇ ಹೊರಗೆ ತಂದಳು. ಕೆಳಗೆ, ನಡಿಗೆ ಶುರುವಾಗುವ ಗೌರಿಕುಂಡಕ್ಕೆ ಇಳಿಯುವಷ್ಟರಲ್ಲಿ ತಲೆನೋವು ಪೂರ್ತಿ ಹೋಗಿತ್ತು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದರು, "ಹೇಗಿದ್ದಾನೇ ಕೇದಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ದೂರ ಹೋಗಿ, ಕಣ್ಣು ತುಂಬ ನೋಡದೆ ಬಂದಿದ್ದೆ. ಅದು ತುಂಬಾ ದಿನ ಕೊರೆಯಿತು. ಇನ್ನೊಮ್ಮೆ ಹೋಗಲೇಬೇಕು, ಅಮ್ಮನನ್ನೂ ಕರೆದುಕೊಂಡೇ ಹೋಗಬೇಕು ಅಂತ ಅವತ್ತೇ ಅಂದುಕೊಂಡೆ. ಅಮ್ಮನಿಗೆ ಆಗ 61. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಎಡ ಮಂಡಿ ಮಾತ್ರ ಆಗಾಗ ನೋಯುತ್ತದೆ.

ನನಗೆ ಆಗಿದ್ದು ಏನು ಅಂತ ಆಮೇಲೆ ನಮ್ಮ ಡಾಕ್ಟರ್ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಋಷಿಕೇಶ ಇರುವುದು ಸಮುದ್ರಮಟ್ಟದಿಂದ 350 ಮೀಟರ್ ಆಸುಪಾಸಿನಲ್ಲಿ. ಕೇದಾರ 3,583 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಬಯಲಿನಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ರಾತ್ರಿಗಳು ಬೇಕು. ನಾನು ಒಂದೂ ರಾತ್ರಿ ಕೊಟ್ಟಿರಲಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೂ ಹೀಗೆ ಆಗುತ್ತದಂತೆ. ವಯಸ್ಸಿಗಿಂತ ಅವಸರವೇ ಜಾಸ್ತಿ ತೊಂದರೆ ಮಾಡುತ್ತದೆ.

ಹಾಗಾಗಿ ಎರಡನೇ ಸಲದ ಯೋಜನೆಯನ್ನು ನಾನೇ ಹಾಕಿದೆ. ನೇರ ಕೇದಾರಕ್ಕೆ ಹೋಗಲಿಲ್ಲ. ಮೊದಲು ಉಖೀಮಠದಲ್ಲಿ ಒಂದು ರಾತ್ರಿ. ಆಮೇಲೆ ಚೋಪ್ತಾದಲ್ಲಿ ಒಂದು ರಾತ್ರಿ. ಅಲ್ಲಿಂದ ತುಂಗನಾಥ ಹತ್ತಿ ಇಳಿದು, ಗೌರಿಕುಂಡದಲ್ಲಿ ಮತ್ತೊಂದು ರಾತ್ರಿ. ಕೇದಾರ ಅದಾದ ಮೇಲೆ. ತುಂಗನಾಥ 3,680 ಮೀಟರ್ ಎತ್ತರದಲ್ಲಿದೆ, ಕೇದಾರಕ್ಕಿಂತಲೂ ಸ್ವಲ್ಪ ಮೇಲೆ. ಪಂಚಕೇದಾರಗಳಲ್ಲಿ, ಅಂದರೆ ಅಲ್ಲಿನ ಐದು ಶಿವನ ಗುಡಿಗಳಲ್ಲಿ, ಎಲ್ಲಕ್ಕಿಂತ ಎತ್ತರದ್ದು ಅದೇ. ಆದರೆ ನಡಿಗೆ ಮೂರೂವರೆ ನಾಲ್ಕು ಕಿಲೋಮೀಟರ್ ಅಷ್ಟೇ. ಅಷ್ಟು ಎತ್ತರವನ್ನು ಅಮ್ಮನ ಶ್ವಾಸಕೋಶ ಒಮ್ಮೆ ನೋಡಿರಲಿ, ತೊಂದರೆಯಾದರೆ ಬೇಗ ಇಳಿಯುವ ಹಾಗೂ ಇರಲಿ ಅನ್ನುವುದು ನನ್ನ ಲೆಕ್ಕ.

"ಕ್ರಮದಲ್ಲಿ ಕೇದಾರ ಮೊದಲು ಅಲ್ವೇನೇ?" ಅಂತ ಅಮ್ಮ ಕೇಳಿದರು. ಹೌದು, ಕಥೆಯಲ್ಲಿ ಹಾಗೇ ಇದೆ. ಯುದ್ಧ ಮುಗಿದ ಮೇಲೆ ಪಾಂಡವರು ಶಿವನನ್ನು ಹುಡುಕಿಕೊಂಡು ಬಂದರು. ಶಿವ ಎತ್ತಿನ ರೂಪದಲ್ಲಿ ತಪ್ಪಿಸಿಕೊಂಡ. ಭೀಮ ಹಿಡಿಯಲು ಹೋದಾಗ ಭೂಮಿಯೊಳಗೆ ಇಳಿದುಬಿಟ್ಟ. ಹಿಣಿಲು ಕೇದಾರದಲ್ಲಿ ಉಳಿಯಿತು. ತೋಳು ತುಂಗನಾಥದಲ್ಲಿ, ಮುಖ ರುದ್ರನಾಥದಲ್ಲಿ, ಹೊಕ್ಕುಳು ಮದ್ಮಹೇಶ್ವರದಲ್ಲಿ, ಜಟೆ ಕಲ್ಪೇಶ್ವರದಲ್ಲಿ ಕಾಣಿಸಿತು. ನಾನು ಅಮ್ಮನಿಗೆ ನನ್ನ ಮೊದಲ ಸಲದ ರಾತ್ರಿಯನ್ನು ಮತ್ತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ತೋಳು ಹಿಡ್ಕೊಂಡೇ ಹೋಗೋಣ" ಅಂದರು.

ತಯಾರಿಗೆ ಮೂರು ತಿಂಗಳು ಕೊಟ್ಟೆವು. ಮೈಸೂರಿನವರಿಗೆ ಅದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಮೊದಲ ತಿಂಗಳು ಭಾನುವಾರ ಮಾತ್ರ, ದೊಡ್ಡ ನಂದಿಯವರೆಗೆ. ಎರಡನೇ ತಿಂಗಳಿಂದ ವಾರಕ್ಕೆ ಎರಡು ದಿನ, ಪೂರ್ತಿ ಮೇಲೆ. ಉಳಿದ ದಿನ ಬೆಳಿಗ್ಗೆ ಒಂದು ಗಂಟೆ ನಡಿಗೆ. ಒಂದು ಮಾತು ಒತ್ತಿ ಹೇಳುತ್ತೇನೆ. ಬೆಟ್ಟ ಹತ್ತಿ ಬಸ್ಸಿನಲ್ಲಿ ಇಳಿಯಬೇಡಿ. ಮೆಟ್ಟಿಲಲ್ಲೇ ಇಳಿಯಿರಿ. ಹತ್ತುವಾಗ ಏದುಸಿರು ಬರುತ್ತದೆ, ಕೂತರೆ ಹೋಗುತ್ತದೆ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಅಮ್ಮನ ಎಡ ಮಂಡಿಗೆ ಪಟ್ಟಿ ಬೇಕು, ಕೈಗೆ ಕೋಲು ಬೇಕು ಅಂತ ನಮಗೆ ಗೊತ್ತಾಗಿದ್ದೇ ಆ ಮೆಟ್ಟಿಲುಗಳಲ್ಲಿ. ಶೂಗಳನ್ನೂ ಅಲ್ಲೇ ಹಾಕಿ ಪಳಗಿಸಿದೆವು. ಹೊಸ ಶೂ ಹಾಕಿಕೊಂಡು ಕೇದಾರ ಹತ್ತಬಾರದು. ಮೊದಲ ಸಲ ನನ್ನ ಹಿಮ್ಮಡಿಯ ಬೊಬ್ಬೆ ವಾಸಿಯಾಗಲು ಹತ್ತು ದಿನ ಬೇಕಾಯಿತು.

ಅಕ್ಟೋಬರ್ ಮೊದಲ ವಾರ ಹೊರಟೆವು. ಮೇ, ಜೂನ್‌ನಲ್ಲಿ ಜನ ವಿಪರೀತ. ಜುಲೈ, ಆಗಸ್ಟ್ ಮಳೆಗಾಲ, ಗುಡ್ಡ ಜರಿದು ದಾರಿ ಮುಚ್ಚುತ್ತದೆ. ಮಳೆ ನಿಂತ ಮೇಲೆ ಆಕಾಶ ತಿಳಿಯಾಗಿರುತ್ತದೆ. ಚಳಿ ಮಾತ್ರ ಜಾಸ್ತಿ. ದೀಪಾವಳಿ ಆದ ಮೇಲೆ ಬರುವ ಯಮ ದ್ವಿತೀಯದ ದಿನ ಕೇದಾರದ ಬಾಗಿಲು ಹಾಕುತ್ತಾರೆ, ಆಮೇಲೆ ಆರು ತಿಂಗಳು ಹಿಮ. ಯಾತ್ರೆಗೆ ಉತ್ತರಾಖಂಡ ಸರ್ಕಾರದ ನೋಂದಣಿ ಕಡ್ಡಾಯ. ಮನೆಯಲ್ಲೇ ಮೊಬೈಲ್‌ನಲ್ಲಿ ಮಾಡಿ, ಎರಡು ಪ್ರಿಂಟ್ ತೆಗೆದು ಇಟ್ಟುಕೊಂಡೆ.

ಋಷಿಕೇಶದಿಂದ ಉಖೀಮಠಕ್ಕೆ ಜೀಪಿನಲ್ಲಿ ಒಂದು ಹಗಲು ಪೂರ್ತಿ ಬೇಕು. ದೇವಪ್ರಯಾಗದಲ್ಲಿ ಅಲಕನಂದಾ ಭಾಗೀರಥಿಯನ್ನು ಸೇರುವುದನ್ನು ನೋಡಿದೆವು. ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿ ಹಿಡಿದರೆ, ಕೇದಾರದವರೆಗೂ ಅವಳೇ ಜೊತೆ.

ಉಖೀಮಠದಲ್ಲಿ ಕನ್ನಡದವರು ಸುಮ್ನೆ ಮಲಗಿ ಎದ್ದು ಹೋಗಬಾರದು. ಅಲ್ಲಿನ ಓಂಕಾರೇಶ್ವರ ದೇವಸ್ಥಾನವೇ ಕೇದಾರನಾಥನ ಚಳಿಗಾಲದ ಮನೆ. ಬಾಗಿಲು ಹಾಕಿದ ಮೇಲೆ ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಇಳಿದು ಇಲ್ಲಿಗೆ ಬರುತ್ತದೆ. ಮುಂದಿನ ವರ್ಷ ಬಾಗಿಲು ತೆಗೆಯುವ ದಿನವನ್ನೂ ಶಿವರಾತ್ರಿಯಂದು ಇಲ್ಲೇ ನಿಶ್ಚಯಿಸುತ್ತಾರೆ. ಕೇದಾರದ ರಾವಲ್, ಅಂದರೆ ಮುಖ್ಯ ಅರ್ಚಕರು, ಪರಂಪರೆಯಿಂದ ಕರ್ನಾಟಕದ ಕಡೆಯ ವೀರಶೈವ ಜಂಗಮರು. ಅವರು ತಾವೇ ಪೂಜೆ ಮಾಡುವುದಿಲ್ಲ, ಅವರ ಮಾರ್ಗದರ್ಶನದಲ್ಲಿ ಪೂಜಾರಿಗಳು ಮಾಡುತ್ತಾರೆ. ವೀರಶೈವರ ಪಂಚಪೀಠಗಳಲ್ಲಿ ಒಂದು ಇರುವುದೂ ಇಲ್ಲೇ. ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಆದರೆ ಸಂಜೆ ಅಂಗಳದಲ್ಲಿ ನಾವು ಮಾತಾಡುವುದನ್ನು ಕೇಳಿ ಒಬ್ಬ ಹಿರಿಯರು "ಯಾವೂರಾತ್ರೀ ನಿಮ್ದು?" ಅಂದಾಗ ಅಮ್ಮನ ಮುಖ ಅರಳಿತು. ಎರಡೂವರೆ ಸಾವಿರ ಕಿಲೋಮೀಟರ್ ದಾಟಿ ಬಂದರೆ ಬಾಗಿಲಲ್ಲಿ ಉತ್ತರ ಕರ್ನಾಟಕದ ಮಾತು! ಅವರು ಅಮ್ಮನಿಗೆ ಹೇಳಿದ್ದು ಒಂದೇ, "ನೀರು ಕುಡೀರಿ ತಾಯಿ. ಬಾಯಾರಲಿ ಬಿಡಲಿ, ಕುಡೀರಿ."

ಚೋಪ್ತಾ ಸುಮಾರು 2,700 ಮೀಟರ್ ಎತ್ತರದ ಹುಲ್ಲುಗಾವಲು. ಅಲ್ಲಿ ರಾತ್ರಿ ನನಗೆ ತಲೆ ಸ್ವಲ್ಪ ಭಾರವಾಯಿತು, ಅಮ್ಮನಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ಎರಡೂವರೆ ಗಂಟೆಯಲ್ಲಿ ತುಂಗನಾಥ ತಲುಪಿದೆವು. ದಾರಿಗೆ ಕಲ್ಲು ಹಾಸಿದ್ದಾರೆ. ಸಣ್ಣ ಗುಡಿ, ಜನ ಕಡಿಮೆ. ಇಲ್ಲಿ ಪೂಜೆ ಮಾಡುವವರು ಮಕ್ಕೂ ಊರಿನ ಬ್ರಾಹ್ಮಣರು. ಗುಡಿ ತುಸು ವಾಲಿರುವುದು ಬರಿಗಣ್ಣಿಗೆ ನಮಗೆ ಕಾಣಲಿಲ್ಲ, ಪುರಾತತ್ವ ಇಲಾಖೆ ಅಳೆದು ಹೇಳಿದೆ. ಅಮ್ಮ ಗುಡಿ ಹಿಂದೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರು. ಉಸಿರು ಸಲೀಸಾಗಿತ್ತು. ಇನ್ನೂ ಮೇಲಿನ ಚಂದ್ರಶಿಲೆಗೆ ಹೋಗುವ ಆಸೆ ನನಗಿತ್ತು, ಬಿಟ್ಟೆ. ಅವತ್ತಿನ ಕೆಲಸ ಅದಲ್ಲ.

ಈಗ ಕೇದಾರದ ದಾರಿ. ಸೋನ್‌ಪ್ರಯಾಗದಲ್ಲಿ ನೋಂದಣಿ ನೋಡುತ್ತಾರೆ. ಅಲ್ಲಿಂದ ಗೌರಿಕುಂಡಕ್ಕೆ ಐದು ಕಿಲೋಮೀಟರ್, ಶೇರ್ ಜೀಪ್. ನಮ್ಮ ದೊಡ್ಡ ಬ್ಯಾಗುಗಳನ್ನು ಗೌರಿಕುಂಡದ ಲಾಡ್ಜಿನಲ್ಲೇ ಇಟ್ಟೆವು. ಬೆನ್ನಿಗೆ ಒಂದೊಂದು ಸಣ್ಣ ಚೀಲ. ಅದರಲ್ಲಿ ಉಣ್ಣೆಯ ಟೋಪಿ, ಕೈಗವಸು, ಎರಡು ಜೊತೆ ಕಾಲುಚೀಲ, ರೇನ್‌ಕೋಟ್, ಟಾರ್ಚ್, ಹುರಿಗಡಲೆ, ಬೆಲ್ಲ, ಕಡಲೆಮಿಠಾಯಿ, ಓಆರ್‌ಎಸ್, ಡಾಕ್ಟರ್ ಕೊಟ್ಟ ಮಾತ್ರೆ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ ಬನಿಯನ್ ಬೇಡ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ನಗದು ಸಾಕಷ್ಟು ಇರಲಿ, ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಅಮ್ಮನ ಚೀಲದಲ್ಲಿ ಇನ್ನೊಂದು ವಸ್ತು ಇತ್ತು. ಮನೆಯಲ್ಲಿ ಕಾಯಿಸಿದ ತುಪ್ಪದ ಪುಟ್ಟ ಸ್ಟೀಲ್ ಡಬ್ಬಿ.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಒಟ್ಟು ಸುಮಾರು 16 ಕಿಲೋಮೀಟರ್. ಜಂಗಲ್ ಚಟ್ಟಿ, ಭೀಮಬಲಿವರೆಗೆ ಕಾಡಿನ ದಾರಿ, ಏರು ಸಾಧಾರಣ. ಕಷ್ಟ ಏರಿನದಲ್ಲ, ಕುದುರೆ ಮತ್ತು ಹೇಸರಗತ್ತೆಗಳದು. ಸಾಲು ಸಾಲಾಗಿ ಬರುತ್ತವೆ. ಅವು ಬಂದಾಗ ಯಾವಾಗಲೂ ಗುಡ್ಡದ ಗೋಡೆಯ ಕಡೆ ಸರಿದು ನಿಲ್ಲಿ. ಕಣಿವೆಯ ಕಡೆ ನಿಂತರೆ ಒಂದು ತಳ್ಳು ಸಾಕು. ನಡೆಯಲಾಗದ ಹಿರಿಯರಿಗೆ ಕುದುರೆ, ಡೋಲಿ ಬೇಕೇ ಬೇಕು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಡೆಯಬಲ್ಲವರು ನಡೆಯಲಿ ಅಂತ ಕೈ ಮುಗಿದು ಕೇಳುತ್ತೇನೆ. ಬಾಯಲ್ಲಿ ನೊರೆ ಬಂದು ಕಾಲು ನಡುಗುತ್ತಿದ್ದ ಒಂದು ಹೇಸರಗತ್ತೆಯನ್ನು ನೋಡಿ ಅಮ್ಮ ಅತ್ತುಬಿಟ್ಟರು.

ರಾಂಬಾಡ ಅನ್ನುವ ಜಾಗ ಬಂತು. 2013ರ ಜೂನ್ ಪ್ರವಾಹಕ್ಕೆ ಮೊದಲು ಅಲ್ಲಿ ಅಂಗಡಿ, ಛತ್ರ ಎಲ್ಲ ಇತ್ತಂತೆ. ಮೇಲಿನ ಚೋರಾಬಾರಿ ಸರೋವರ ಒಡೆದು ಬಂದ ನೀರು ಅದನ್ನೆಲ್ಲ ಬಳಿದುಕೊಂಡು ಹೋಯಿತು. ಹಳೆಯ ದಾರಿಯೂ ಹೋಯಿತು. ಈಗ ಸೇತುವೆ ದಾಟಿ ಆಚೆ ದಡದಲ್ಲಿ ಹತ್ತಬೇಕು. ಅಮ್ಮ ಸೇತುವೆ ಮೇಲೆ ನಿಂತು ಹೋದವರಿಗೆ ಕೈ ಮುಗಿದರು.

ಇಲ್ಲಿಂದ ಲಿಂಚೋಲಿವರೆಗಿನ ಏರೇ ಈ ಯಾತ್ರೆಯ ನಿಜವಾದ ಪರೀಕ್ಷೆ. ತಿರುವಿನ ಮೇಲೆ ತಿರುವು, ಎಲ್ಲವೂ ಕಡಿದು. ನಾವು ಒಂದು ಲೆಕ್ಕ ಇಟ್ಟುಕೊಂಡೆವು. ನೂರು ಹೆಜ್ಜೆ ನಡೆಯುವುದು, ಹತ್ತು ದೀರ್ಘ ಉಸಿರು ನಿಲ್ಲುವುದು. ಕೂರುವುದಿಲ್ಲ. ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ ಅಂತ, ಆಗದಿದ್ದರೆ ಜಾಸ್ತಿಯಾಯಿತು ಅಂತ. ನಾನು ಎರಡು ಸಲ ಮುಂದೆ ಹೋಗಿಬಿಟ್ಟೆ. ಹಿಂದಿನಿಂದ ಅಮ್ಮ ಕೂಗಿದರು, "ನಿಧಾನಕ್ಕೆ ನಡಿಯೇ, ದೇವರೇನು ಓಡಿ ಹೋಗ್ತಾನಾ?" ದಾರಿಯಲ್ಲಿ ಕೆಲವರು ಕರ್ಪೂರದ ಗಂಟು ಮೂಸುತ್ತಿದ್ದರು. ಅದರಿಂದ ಮೂಗು ತೆರೆದ ಹಾಗೆ ಅನಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ತಲೆನೋವು, ವಾಂತಿ ಜೋರಾದರೆ ಮುಂದೆ ಹೋಗಬೇಡಿ. ಇಳಿಯುವುದೇ ಔಷಧಿ. ದಾರಿಯಲ್ಲಿ ಸರ್ಕಾರದ ಚಿಕಿತ್ಸಾ ಕೇಂದ್ರಗಳಿವೆ, ನಾಚಿಕೆ ಇಲ್ಲದೆ ಒಳಗೆ ಹೋಗಿ.

ಮಧ್ಯಾಹ್ನ ಮೂರೂವರೆಗೆ ಗುಡಿ ಕಾಣಿಸಿತು. ಹಿಂದೆ ಹಿಮದ ಗೋಡೆ, ಮುಂದೆ ಬೂದು ಕಲ್ಲಿನ ಗುಡಿ. ಹನ್ನೊಂದು ಗಂಟೆ ಹಿಡಿದಿತ್ತು. ಬಹಳ ಜನ ಆರೇಳು ಗಂಟೆಯಲ್ಲಿ ಬರುತ್ತಾರೆ. ಅಮ್ಮ ಮಾತಾಡಲಿಲ್ಲ. ನನ್ನ ತೋಳು ಹಿಡಿದುಕೊಂಡು ನಿಂತರು. ನನಗೆ ತಲೆನೋವು ಇರಲಿಲ್ಲ. ಮೊದಲ ಸಲ ನೋಡಿದ್ದೇನೆ ಅನ್ನುವ ಗುಡಿಯನ್ನು ಆವತ್ತು ನಾನು ನೋಡಿದೆ.

ಅಲ್ಲಿ ರಾತ್ರಿ ಉಳಿಯಿರಿ. ಸಂಜೆ ದೇವರಿಗೆ ಅಲಂಕಾರ, ದೂರದಿಂದ ದರ್ಶನ. ಮುಟ್ಟಿ ಪೂಜೆ ಮಾಡಬೇಕಾದರೆ ಬೆಳಗಿನ ಹೊತ್ತೇ ಆಗಬೇಕು. ನಾವು ಮೂರು ಗಂಟೆಗೆ ಎದ್ದು ಸಾಲಿನಲ್ಲಿ ನಿಂತೆವು. ನೆಲ ಹಿಮಗಟ್ಟಿತ್ತು. ಹೊರಮಂಟಪದಲ್ಲಿ ಪಾಂಡವರ ಮೂರ್ತಿಗಳು. ಒಳಗೆ ಲಿಂಗ ನಾವು ನೋಡಿದ ಲಿಂಗಗಳ ಹಾಗೆ ಉರುಟಾಗಿಲ್ಲ. ಎತ್ತಿನ ಹಿಣಿಲಿನ ಹಾಗೆ ಮೂರು ಮೂಲೆಯ ಬಂಡೆ. ಅಮ್ಮ ಡಬ್ಬಿ ತೆಗೆದರು. ತುಪ್ಪ ಚಳಿಗೆ ಕಲ್ಲಾಗಿತ್ತು. ಬೆರಳಿನಿಂದ ಕೆದಕಿ, ಅಂಗೈಯಲ್ಲಿ ಉಜ್ಜಿ ಕರಗಿಸಿ, ಬಂಡೆಗೆ ಹಚ್ಚಿದರು. ಹಿಂದಿನವರು ತಳ್ಳುತ್ತಿದ್ದರು. ಪೂಜಾರಿ ಅಮ್ಮನ ಕೈ ನೋಡಿ, ಅವರನ್ನು ಒಂದು ನಿಮಿಷ ತಡೆದರು. ಒಂದೇ ನಿಮಿಷ. ಅಷ್ಟು ಸಾಕಾಯಿತು.

ಬೆಳಕು ಹರಿದ ಮೇಲೆ ಗುಡಿ ಹಿಂದಿನ ಭೀಮಶಿಲೆ ನೋಡಿದೆವು. 2013ರಲ್ಲಿ ಉರುಳಿ ಬಂದು ಗುಡಿಯ ಹಿಂದೆಯೇ ನಿಂತು, ನೀರನ್ನು ಎರಡು ಕಡೆಗೆ ಒಡೆದ ಬಂಡೆ ಅದು. ಅದರಾಚೆ ನೆಲದಿಂದ ಕೆಳಗೆ ಇಳಿದರೆ ಶಂಕರಾಚಾರ್ಯರ ಹನ್ನೆರಡು ಅಡಿ ವಿಗ್ರಹ. ಹಳೆಯ ಸಮಾಧಿ ಪ್ರವಾಹದಲ್ಲಿ ಹೋಗಿತ್ತು. 2021ರಲ್ಲಿ ಇದನ್ನು ನಿಲ್ಲಿಸಿದರು, ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಅಮ್ಮ ಸುತ್ತಲಿನವರಿಗೆಲ್ಲ "ಹಮಾರಾ ಮೈಸೂರ್, ಹಮಾರಾ ಮೈಸೂರ್" ಅಂತ ತೋರಿಸಿದರು.

ಇಳಿಯುವುದಕ್ಕೆ ಎಂಟು ಗಂಟೆ. ಮಂಡಿಗೆ ಪಟ್ಟಿ, ಎರಡೂ ಕೈಗೆ ಕೋಲು, ಅಡ್ಡಡ್ಡ ಹೆಜ್ಜೆ. ನಮ್ಮ ಚಿಕ್ಕಿ ಕಾಗದ, ಖಾಲಿ ಬಾಟಲಿ ಎಲ್ಲ ಚೀಲದಲ್ಲೇ ವಾಪಸ್ ತಂದೆವು. ದಾರಿಯುದ್ದಕ್ಕೂ ಬಿಸಾಡಿದ ಪ್ಲಾಸ್ಟಿಕ್ ರೇನ್‌ಕೋಟುಗಳು ಬಿದ್ದಿದ್ದವು. ಒಂದು ಸಲಕ್ಕೆಂದು ಕೊಂಡು ಹರಿದು ಎಸೆಯುವಂಥವು. ದಯವಿಟ್ಟು ಮನೆಯಿಂದ ಗಟ್ಟಿಯಾದದ್ದು ಒಯ್ಯಿರಿ.

ಗೌರಿಕುಂಡ ತಲುಪಿದಾಗ ಸಂಜೆ. ನಮ್ಮ ಲಾಡ್ಜಿನ ಮೆಟ್ಟಿಲ ಮೇಲೆ ವಯಸ್ಸಾದ ದಂಪತಿ ಕೂತಿದ್ದರು, ಬೆಳಿಗ್ಗೆ ಹತ್ತುವವರು. ಅಮ್ಮ ತಮ್ಮ ಎರಡೂ ಕೋಲುಗಳನ್ನು ಆ ತಾಯಿಗೆ ಕೊಟ್ಟರು. ಅವರ ಭಾಷೆ ಅಮ್ಮನಿಗೆ ಬರುವುದಿಲ್ಲ. ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದರು. ನೂರು ಹೆಜ್ಜೆ, ಹತ್ತು ಉಸಿರು. ಆ ತಾಯಿ ತಲೆ ಆಡಿಸಿ, ಅಲ್ಲೇ ಅಂಗಳದಲ್ಲಿ ಕೋಲು ಊರಿ ನಾಲ್ಕು ಹೆಜ್ಜೆ ನಡೆದು ನೋಡಿದರು.