ಕ್ಯಾಲಿಫೋರ್ನಿಯಾದಲ್ಲಿ ಆಪ್ತಸಮಾಲೋಚನೆಯ ಪರವಾನಗಿ: 3000 ಗಂಟೆಗಳನ್ನು ನಾನು ಪೂರೈಸಿದ ಬಗೆ

ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದಷ್ಟು ಕಾಲ ನನ್ನ ಬಳಿ ಯಾರೂ ಪರವಾನಗಿ ಕೇಳಿರಲಿಲ್ಲ. ಮದುವೆಯ ನಂತರ ಎಚ್-4 ವೀಸಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ಅದೇ ವೃತ್ತಿಯನ್ನು ಮುಂದುವರಿಸಲು ಹೊರಟಾಗ, ಇಲ್ಲಿ ಲೈಸೆನ್ಸ್ಡ್ ಪ್ರೊಫೆಷನಲ್ ಕ್ಲಿನಿಕಲ್ ಕೌನ್ಸೆಲರ್, ಅಂದರೆ ಎಲ್‌ಪಿಸಿಸಿ, ಎಂಬ ಪರವಾನಗಿ ಇದೆಯೆಂದೂ ಅದನ್ನು ಸ್ಯಾಕ್ರಮೆಂಟೋದಲ್ಲಿರುವ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್ ನೀಡುತ್ತದೆಯೆಂದೂ ತಿಳಿಯಿತು. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಇಂಥ ಪರವಾನಗಿಯ ಕಾನೂನನ್ನು ಎಲ್ಲಕ್ಕಿಂತ ಕೊನೆಗೆ, 2009ರಲ್ಲಿ, ಮಾಡಿದ್ದು ಕ್ಯಾಲಿಫೋರ್ನಿಯಾ. ತಡವಾಗಿ ಬಂದ ಕಾನೂನಾದರೂ ಅದರ ಷರತ್ತುಗಳೇನೂ ಸಡಿಲವಾಗಿಲ್ಲ.

60 ಸೆಮಿಸ್ಟರ್ ಯುನಿಟ್‌ಗಳ ಸ್ನಾತಕೋತ್ತರ ಪದವಿಯನ್ನೂ, ಅದರೊಳಗೆ ಕ್ಲೈಂಟ್‌ಗಳೊಂದಿಗೆ ಮುಖಾಮುಖಿ ಕುಳಿತು ಮಾಡಿದ 280 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನೂ ಬೋರ್ಡ್ ಕೇಳುತ್ತದೆ. ನನ್ನ ಎಂ.ಎಸ್ಸಿ.ಯಲ್ಲಿ ಇವೆರಡೂ ಇರಲಿಲ್ಲವಾದ್ದರಿಂದ ಇಲ್ಲಿಯೇ ಮತ್ತೊಮ್ಮೆ ಓದಿದೆ. ಪರವಾನಗಿಗೆ ಪದವಿಯ ನಂತರ ಸೂಪರ್‌ವೈಸರ್ ಒಬ್ಬರ ಮೇಲ್ವಿಚಾರಣೆಯಲ್ಲಿ, ಅಂದರೆ ಸೂಪರ್‌ವಿಷನ್ನಿನಡಿ, 3000 ಗಂಟೆ ಕೆಲಸ ಮಾಡಬೇಕು. ಓದುವಾಗ ಮಾಡಿದ ಆ ಗಂಟೆಗಳಲ್ಲಿ ಒಂದೂ ಈ 3000ಕ್ಕೆ ಸೇರುವುದಿಲ್ಲ. ವಿವಾಹ ಮತ್ತು ಕುಟುಂಬ ಚಿಕಿತ್ಸಕರ ಪರವಾನಗಿಯಲ್ಲಿ ಪದವಿಗೆ ಮುಂಚಿನ 1300 ಗಂಟೆಗಳವರೆಗೆ ಲೆಕ್ಕಕ್ಕೆ ಬರುತ್ತವೆ. ನಮ್ಮದರಲ್ಲಿ ಎಲ್ಲವೂ ಪದವಿಯ ನಂತರವೇ. ಯಾವ ಪರವಾನಗಿ ಬೇಕೆಂಬುದನ್ನು ಕಾಲೇಜು ಸೇರುವ ಮೊದಲೇ ತೀರ್ಮಾನಿಸಬೇಕೆಂದು ನಾನು ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಪದವಿ ದೊರೆತ ದಿನದಿಂದ 90 ದಿನಗಳೊಳಗೆ ಅಸೋಸಿಯೇಟ್ (ಪರವಾನಗಿಗಾಗಿ ಈ ಗಂಟೆಗಳನ್ನು ಪೂರೈಸುತ್ತಿರುವವರು) ಎಂಬ ನೋಂದಣಿಗೆ ಬೋರ್ಡ್‌ಗೆ ಅರ್ಜಿ ಹಾಕಿದರೆ, ನೋಂದಣಿ ಸಂಖ್ಯೆ ಬರುವುದಕ್ಕೆ ಮುಂಚಿನ ಕೆಲಸವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಆ ಸಂಸ್ಥೆಯವರು ಕೆಲಸ ಕೊಡುವ ಮೊದಲೇ ಲೈವ್ ಸ್ಕ್ಯಾನ್ ಬೆರಳಚ್ಚು ಪರಿಶೀಲನೆ ಮಾಡಿಸಿರಬೇಕು, ಮತ್ತು ಆ ಅವಧಿಯಲ್ಲಿ ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುವಂತಿಲ್ಲ. ಬೋರ್ಡ್‌ನಲ್ಲಿ ಅರ್ಜಿಗಳು ಎಷ್ಟು ಕಾಲ ಕಾಯಬೇಕಾಗುತ್ತದೆಂದು ಊಹಿಸಲಾಗದ ಕಾರಣ ನಾನು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರವೊಂದನ್ನೇ ಆರಿಸಿಕೊಂಡೆ.

ಎಲ್ಲರೂ ಮಾತನಾಡುವುದು 3000 ಗಂಟೆಗಳ ಬಗ್ಗೆ. ಕೆಲಸಕ್ಕೆ ಇಳಿದವರನ್ನು ಕಾಡುವ ಸಂಖ್ಯೆ ಮಾತ್ರ 1750. ಒಟ್ಟು ಗಂಟೆಗಳಲ್ಲಿ ಕನಿಷ್ಠ 1750 ನೇರ ಆಪ್ತಸಮಾಲೋಚನೆಯದ್ದಾಗಿರಬೇಕು. ದಾಖಲೆ ಬರೆಯುವುದು, ಕಾರ್ಯಾಗಾರ, ಸೂಪರ್‌ವಿಷನ್ ಇತ್ಯಾದಿಗಳೆಲ್ಲ ಉಳಿದ 1250ರೊಳಗೇ ಅಡಗಬೇಕು. ಇದೆಲ್ಲ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು, ವಾರಕ್ಕೆ 40 ಗಂಟೆಗಿಂತ ಹೆಚ್ಚು ತೋರಿಸುವಂತಿಲ್ಲ, ಆರು ವರ್ಷಕ್ಕಿಂತ ಹಳೆಯ ಗಂಟೆಗಳು ನಿಲ್ಲುವುದಿಲ್ಲ. ಎರಡೇ ವರ್ಷದಲ್ಲಿ ಮುಗಿಸಬೇಕೆಂದರೆ ವಾರಕ್ಕೆ ಸುಮಾರು 17 ಗಂಟೆ ಕ್ಲೈಂಟ್‌ಗಳು ನಿಜವಾಗಿಯೂ ಎದುರಿಗೆ ಕುಳಿತಿರಬೇಕು. ಸಮಯ ಗೊತ್ತುಪಡಿಸಿಕೊಂಡು ಬಾರದೇ ಹೋದವರ ಗಂಟೆ ನೇರ ಸಮಾಲೋಚನೆಯಾಗದ ಕಾರಣ, 17 ಸಿಗಬೇಕಾದರೆ ಇಪ್ಪತ್ತಕ್ಕೂ ಮೇಲ್ಪಟ್ಟು ಸಮಯ ಕೊಡುವ ಸಂಸ್ಥೆ ಬೇಕು. ಹೀಗಾಗಿ ಸಂದರ್ಶನಗಳಲ್ಲಿ ನಾನು ಸಂಬಳಕ್ಕಿಂತ ಮೊದಲು ಕೇಳುತ್ತಿದ್ದುದು, ಒಬ್ಬ ಅಸೋಸಿಯೇಟ್ ವಾರದಲ್ಲಿ ಎಷ್ಟು ಜನರನ್ನು ನೋಡುತ್ತಾರೆ ಎಂಬುದನ್ನು.

ಎರಡನೆಯ ಪ್ರಶ್ನೆ ಸೂಪರ್‌ವಿಷನ್ನಿನದು. ಪ್ರತಿ ಕೆಲಸದ ಸ್ಥಳಕ್ಕೂ ಪ್ರತ್ಯೇಕವಾಗಿ, ಪ್ರತಿ ವಾರವೂ, ಒಂದು ಗಂಟೆ ಒಬ್ಬೊಬ್ಬರಾಗಿ ಅಥವಾ ಇಬ್ಬರು ಒಟ್ಟಾಗಿ, ಇಲ್ಲವೇ ಎಂಟು ಜನ ಮೀರದ ಗುಂಪಿನಲ್ಲಿ ಎರಡು ಗಂಟೆ ಸೂಪರ್‌ವೈಸರ್ ಜೊತೆ ಕೂರಬೇಕು. ಒಂದು ಸ್ಥಳದಲ್ಲಿ ವಾರಕ್ಕೆ 10 ಗಂಟೆಗಿಂತ ಹೆಚ್ಚು ನೇರ ಸಮಾಲೋಚನೆ ನಡೆದರೆ ಇನ್ನೂ ಅಷ್ಟೇ ಸೂಪರ್‌ವಿಷನ್ ಸೇರಬೇಕು. ಮೇಲಿನ 17 ಗಂಟೆಗಳ ಲೆಕ್ಕ ಹಿಡಿದವರಿಗೆ ಇದು ಪ್ರತಿ ವಾರದ ಮಾತು. 104 ವಾರಗಳಲ್ಲಿ 52ರಲ್ಲಿ ಗುಂಪಿನದಲ್ಲದ ಸೂಪರ್‌ವಿಷನ್ ಇರಲೇಬೇಕು. ಸೂಪರ್‌ವೈಸರ್ ರಜೆಯಲ್ಲಿದ್ದು ಬದಲಿ ಯಾರೂ ಇಲ್ಲದಿದ್ದರೆ ಆ ವಾರದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ; ಅದಕ್ಕೇ ಬದಲಿ ಸೂಪರ್‌ವೈಸರ್ ಯಾರೆಂಬುದನ್ನು ಮೊದಲ ವಾರದಲ್ಲೇ ಬರಹದಲ್ಲಿ ಪಡೆದುಕೊಂಡೆ. ಸೂಪರ್‌ವಿಷನ್ ಒಪ್ಪಂದಕ್ಕೆ ಆರಂಭದಿಂದ 60 ದಿನಗಳೊಳಗೆ ಸಹಿಯಾಗಬೇಕು. ಗಂಟೆಗಳನ್ನು ದಾಖಲಿಸುವ ವಾರದ ಲಾಗ್ ಪುಟಕ್ಕೆ ನಾನು ಆಯಾ ವಾರವೇ ಸಹಿ ಹಾಕಿಸುತ್ತಿದ್ದೆ, ಏಕೆಂದರೆ ಕೆಲಸ ಬಿಟ್ಟುಹೋದ ಸೂಪರ್‌ವೈಸರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಪ್ರತಿ ಶುಕ್ರವಾರ ಬಾಗಿಲು ತಟ್ಟುವುದು ಸುಲಭ.

ಖಾಸಗಿ ಕ್ಲಿನಿಕ್ ಒಂದು ನನ್ನನ್ನು ಸ್ವತಂತ್ರ ಗುತ್ತಿಗೆದಾರಳಾಗಿ, 1099 ತೆರಿಗೆ ನಮೂನೆಯ ಮೇಲೆ, ತೆಗೆದುಕೊಳ್ಳಲು ಸಿದ್ಧವಿತ್ತು, ಮೊತ್ತವೂ ಚೆನ್ನಾಗಿತ್ತು. ಅಸೋಸಿಯೇಟ್ ಆದವರು ಸಂಬಳ ಪಡೆಯುವ ನೌಕರರಾಗಿರಬೇಕು, ಇಲ್ಲವೇ ಸ್ವಯಂಸೇವಕರಾಗಿರಬೇಕು. ಗುತ್ತಿಗೆಯ ಗಂಟೆಗಳನ್ನು ಬೋರ್ಡ್ ಒಪ್ಪುವುದಿಲ್ಲ. ಹೊಸಬರ ತಿಳಿವಳಿಕೆಯ ಕೊರತೆಯ ಮೇಲೆ ನಡೆಯುವ ಇಂಥ ಆಹ್ವಾನಗಳು ನನಗೆ ಈಗಲೂ ಸಿಟ್ಟು ತರಿಸುತ್ತವೆ.

ಪರೀಕ್ಷೆಗಳು ಎರಡು. ಕಾನೂನು ಮತ್ತು ನೀತಿಯ ಪರೀಕ್ಷೆಯನ್ನು ಅಸೋಸಿಯೇಟ್ ಆಗಿರುವಾಗಲೇ ಬರೆಯಬೇಕು. ಮಕ್ಕಳ ಮೇಲಿನ ದೌರ್ಜನ್ಯದ ಶಂಕೆ ಬಂದರೆ ತಕ್ಷಣ ದೂರವಾಣಿಯಲ್ಲಿ, 36 ಗಂಟೆಗಳೊಳಗೆ ಬರಹದಲ್ಲಿ ವರದಿ ಮಾಡಬೇಕೆಂಬುದು, ಕ್ಲೈಂಟ್ ಮತ್ತೊಬ್ಬರನ್ನು ಕೊಲ್ಲುವ ಬೆದರಿಕೆ ಹಾಕಿದಾಗ ಚಿಕಿತ್ಸಕರ ಹೊಣೆಯೇನೆಂದು 1976ರ ಟಾರಾಸಾಫ್ ತೀರ್ಪು ಹೇಳಿದ್ದು, ಇವೆಲ್ಲ ಅದರಲ್ಲಿ ಬರುತ್ತವೆ. ಆ ಪ್ರಕರಣದಲ್ಲಿ ಬೆದರಿಕೆ ಹಾಕಿದ್ದ ಕ್ಲೈಂಟ್ ಭಾರತದಿಂದ ಬರ್ಕ್ಲಿಗೆ ಓದಲು ಬಂದಿದ್ದ ವಿದ್ಯಾರ್ಥಿ ಎಂಬುದು ಓದುವಾಗ ನನ್ನನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿತು. ಗಂಟೆಗಳು ಮುಗಿದು ಅರ್ಜಿ ಒಪ್ಪಿಗೆಯಾದ ಮೇಲೆ ಬರೆಯುವ ರಾಷ್ಟ್ರೀಯ ಕ್ಲಿನಿಕಲ್ ಪರೀಕ್ಷೆ ಪ್ರಕರಣಗಳನ್ನು ಆಧರಿಸಿದ್ದು. ವಾರವಾರವೂ ಸೂಪರ್‌ವೈಸರ್ ಎದುರು ಪ್ರಕರಣ ಮಂಡಿಸಿದವರಿಗೆ ಅದರ ಕ್ರಮ ಹೊಸದೆನಿಸದು.

ನಮ್ಮವರ ನಡುವೆ ಕೆಲಸ ಮಾಡಬಯಸುವವರು ಒಂದು ಷರತ್ತನ್ನು ವಿಶೇಷವಾಗಿ ಗಮನಿಸಬೇಕು. ಎಲ್‌ಪಿಸಿಸಿ ಪರವಾನಗಿ ಇದ್ದಮಾತ್ರಕ್ಕೆ ದಂಪತಿಗಳಿಗೆ ಅಥವಾ ಕುಟುಂಬಕ್ಕೆ ಚಿಕಿತ್ಸೆ ನೀಡುವಂತಿಲ್ಲ. ಅದಕ್ಕೆ ಆರು ಸೆಮಿಸ್ಟರ್ ಯುನಿಟ್‌ಗಳ ಹೆಚ್ಚುವರಿ ಓದು, ದಂಪತಿ, ಕುಟುಂಬ ಅಥವಾ ಮಕ್ಕಳೊಂದಿಗೆ ಸೂಪರ್‌ವಿಷನ್ನಿನಡಿ 500 ಗಂಟೆ, ಮತ್ತು ಆರು ಗಂಟೆಗಳ ನಿರಂತರ ಶಿಕ್ಷಣ (ಕಂಟಿನ್ಯೂಯಿಂಗ್ ಎಜುಕೇಶನ್) ಬೇಕು. ಇಲ್ಲಿನ ಕನ್ನಡದ ಮನೆಗಳಿಂದ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಗಂಡನೊಡನೆಯೋ, ಊರಿನಿಂದ ಆರು ತಿಂಗಳಿಗೆಂದು ಬಂದ ಅತ್ತೆಯೊಡನೆಯೋ ಬರುತ್ತಾರೆ. ಆದ್ದರಿಂದ ಲಾಗ್‌ನಲ್ಲಿ ಈ ಗಂಟೆಗಳನ್ನು ಮೊದಲ ದಿನದಿಂದಲೇ ಬೇರೆಯಾಗಿ ಬರೆದಿಟ್ಟಿದ್ದೆ. ಪರವಾನಗಿ ಬಂದ ಮೇಲೆ ಬೋರ್ಡ್‌ಗೆ ಆ ಪುಟಗಳನ್ನೂ ಯುನಿಟ್‌ಗಳ ಅಂಕಪಟ್ಟಿಯನ್ನೂ ಕಳುಹಿಸಿ ಅನುಮತಿಯ ದೃಢೀಕರಣ ಪಡೆದೆ.