ಬೆಂಗಳೂರು–ಟೋಕಿಯೊ: ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತು

ಟೋಕಿಯೊದಲ್ಲಿ ನೌಕರಿಯಲ್ಲಿರುವ ನಾನು ಒಂದು ಚಳಿಗಾಲ ಅಮ್ಮನನ್ನು ಕರೆಸಿಕೊಂಡಿದ್ದೆ. ಜನವರಿಯಲ್ಲಿ ನಾನೇ ಜೊತೆಗೆ ಬಂದು ಅವರನ್ನು ಬೆಂಗಳೂರಿಗೆ ಬಿಟ್ಟುಹೋದೆ. ಅವರಿಗೆ ಮಧುಮೇಹವಿರುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಬೇಕು. ಟಿಕೆಟ್ಟಿನಲ್ಲಿ ಟೋಕಿಯೊದ ನರಿಟಾ ವಿಮಾನ ನಿಲ್ದಾಣದಿಂದ ಹೊರಡುವ ಸಮಯಕ್ಕೂ ಬೆಂಗಳೂರು ತಲುಪುವ ಸಮಯಕ್ಕೂ ನಡುವೆ ಆರೂವರೆ ಗಂಟೆ ಕಾಣುತ್ತಿತ್ತು. ಇಳಿಯುವುದಕ್ಕೆ ಎರಡು ಗಂಟೆ ಮೊದಲು ಎರಡನೆಯ ಊಟ ಕೊಡುತ್ತಾರೆಂದು ಲೆಕ್ಕ ಹಾಕಿ, ಹೊರಟ ನಾಲ್ಕು ಗಂಟೆಗೆ ಮಾತ್ರೆ ಕೊಟ್ಟೆ. ಊಟ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅಮ್ಮನ ಹಣೆ ಬೆವರಿತು; "ಕೈ ನಡುಗ್ತಿದೆ ಕಣೋ" ಎಂದರು. ಅವರ ಚೀಲದಲ್ಲಿದ್ದ ಬೆಲ್ಲದ ತುಂಡು ಅಂದು ನಮ್ಮನ್ನು ಕಾಪಾಡಿತು. ಎದುರಿನ ಪರದೆ ನೋಡಿದರೆ ನಾವು ಇನ್ನೂ ಚೀನಾದ ಯುನ್ನಾನ್ ದಾಟಿರಲಿಲ್ಲ.

ತಪ್ಪು ನನ್ನದೇ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಅಚ್ಚು ಹಾಕಿರುತ್ತಾರೆ. ಆದ್ದರಿಂದ ಟೋಕಿಯೊಗೆ ಹೋಗುವಾಗಿನ ಎಂಟು ಗಂಟೆಯ ಪ್ರಯಾಣ ಹನ್ನೊಂದೂವರೆಯಾಗಿಯೂ, ಬರುವಾಗಿನ ಹತ್ತು ಗಂಟೆ ಆರೂವರೆಯಾಗಿಯೂ ಕಾಣುತ್ತದೆ. ನಿಜವಾಗಿ ಹೆಚ್ಚು ಹೊತ್ತು ಹಿಡಿಯುವ ಪ್ರಯಾಣವೇ ಕಾಗದದ ಮೇಲೆ ಚಿಕ್ಕದಾಗಿಬಿಡುತ್ತದೆ.

ಮನೆಗೆ ಬಂದ ಮೇಲೆ ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಇಟ್ಟುಕೊಂಡು ನಾನೇ ದೂರ ಲೆಕ್ಕ ಹಾಕಿದೆ: ಭೂಗೋಳದ ಮೇಲೆ ಅತಿ ಹತ್ತಿರದ ದಾರಿ ಸುಮಾರು 6,700 ಕಿ.ಮೀ. ಅದು ಬಂಗಾಳ ಕೊಲ್ಲಿಯ ಉತ್ತರ ಭಾಗ, ಮ್ಯಾನ್ಮಾರ್, ಯುನ್ನಾನ್ ಹಾದು, ಶಾಂಘೈಗೆ ತುಸು ಉತ್ತರದಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಗಂಟೆಗೆ 900 ಕಿ.ಮೀ. ವೇಗವೆಂದರೆ ಏಳೂವರೆ ಗಂಟೆ ಆಗಬೇಕು. ಹಾಗಿದ್ದರೆ ಹೋಗುವಾಗಿನದಕ್ಕಿಂತ ಬರುವಾಗ ಹೆಚ್ಚಾದ ಎರಡು ಗಂಟೆ ಎಲ್ಲಿಂದ ಬಂತು?

ಗಾಳಿಯಿಂದ. ಮುಂದಿನ ಚಳಿಗಾಲದ ಪ್ರಯಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಪರದೆಯ ಮೇಲಿನ ವೇಗವನ್ನು ಪುಸ್ತಕದಲ್ಲಿ ಬರೆದುಕೊಂಡೆ. ಚೀನಾದ ಮೇಲೆ ಹೋಗುವಾಗ 1,080 ಇದ್ದದ್ದು, ಬರುವಾಗ ಸುಮಾರು ಅದೇ ಪ್ರದೇಶದಲ್ಲಿ 690ಕ್ಕೆ ಇಳಿದಿತ್ತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಚಳಿಗಾಲದಲ್ಲಿ ಜಪಾನಿನ ಮೇಲೆ ಅತ್ಯಂತ ಪ್ರಬಲವಾಗಿದ್ದು, ಬೇಸಿಗೆಯಲ್ಲಿ ಕ್ಷೀಣಿಸಿ ಉತ್ತರಕ್ಕೆ ಸರಿಯುತ್ತದೆ. ಇದನ್ನು 1920ರ ದಶಕದಲ್ಲೇ ತ್ಸುಕುಬಾ ಸಮೀಪದ ತತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಷಿ. 1926ರಲ್ಲಿ ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ, ಕೆಲವರಷ್ಟೇ ಬಲ್ಲ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಅದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಈಗ ನಾನು ಎರಡೂ ಸಮಯಗಳನ್ನು ಭಾರತದ ಗಡಿಯಾರಕ್ಕೆ ತಂದುಕೊಂಡ ಮೇಲೆಯೇ ಕಳೆಯುತ್ತೇನೆ. ನರಿಟಾ ಟೋಕಿಯೊ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ದೂರವಿರುವುದರಿಂದ, ರೈಲಿನ ಒಂದು ಗಂಟೆಯನ್ನೂ ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಬೇರೆಯಾಗಿಯೇ ಸೇರಿಸುತ್ತೇನೆ. ಮನೆಯಿಂದ ಮನೆಗೆ ಹದಿನೈದು ಗಂಟೆಗಿಂತ ಕಡಿಮೆ ಎಂದು ಯಾರಿಗೂ ಹೇಳುವುದಿಲ್ಲ. ಅಮ್ಮನ ಹಳೆಯ ಎಚ್‌ಎಂಟಿ ಕೈಗಡಿಯಾರದ ಮುಳ್ಳನ್ನು ಟೋಕಿಯೊದಲ್ಲೂ ತಿರುಗಿಸುವುದಿಲ್ಲ. ವಿಮಾನದಲ್ಲಿ ಮಾತ್ರೆಯ ಹೊತ್ತಾದರೂ, ಊಟ ಯಾವಾಗ ಬರುತ್ತದೆಂದು ಗಗನಸಖಿಯನ್ನು ಕೇಳಿ ತಿಳಿದ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ.